ಖಾಲಿ ಟ್ಯಾಂಕು ಖಾಲಿಯಲ್ಲ

ಕಳೆದ ವರ್ಷದ ಬೇಸಗೆಯಲ್ಲಿ, ನಮ್ಮ ಕಾಲೇಜಿಗೆ ಹೋಗುವ ಹಾದಿಯಲ್ಲಿದ್ದ ಹಳೆಯ ಪೆಟ್ರೋಲ್ ಬಂಕೊಂದನ್ನು ರಸ್ತೆಯ ವಿಸ್ತರಣೆಗಾಗಿ ತೆರವು ಮಾಡಿದರು. ಪಂಪುಗಳನ್ನು ಕಿತ್ತು ಸಾಗಿಸಿದ್ದಾಯಿತು. ಮೇಲಿನ ಕಾಂಕ್ರೀಟನ್ನು ಒಡೆದದ್ದಾಯಿತು. ಮಣ್ಣನ್ನು ಸರಿಸಿದಾಗ, ಹಲವು ವರ್ಷಗಳ ಕಾಲ ನೆಲದೊಳಗೆ ಮಲಗಿದ್ದ ಉಕ್ಕಿನ ಟ್ಯಾಂಕೊಂದು ಬೆನ್ನು ತೋರಿಸಿತು. ನಾಲ್ಕಾರು ವಿದ್ಯಾರ್ಥಿಗಳೊಡನೆ ಆ ದಾರಿಯಲ್ಲಿ ಬರುತ್ತಿದ್ದ ನಾನು ಕುತೂಹಲದಿಂದ ಅಲ್ಲಿ ನಿಂತೆ. ಟ್ಯಾಂಕಿನ ಮುಚ್ಚಳವನ್ನು ತೆಗೆದಿದ್ದರು. ಮೇಸ್ತ್ರಿಯು ಬಾಗಿ ಅದರ ಬಾಯಿಗೆ ಮೂಗೊಡ್ಡಿ ಎರಡು ಬಾರಿ ಮೂಸಿದನು. ಅನಂತರ, ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದ, ಇಪ್ಪತ್ತು ವರ್ಷವೂ ತುಂಬಿರದ ಹುಡುಗನ ಕಡೆಗೆ ತಿರುಗಿ, "ವಾಸನೆ ಅಷ್ಟೇನಿಲ್ಲ, ಇಳಿಯಪ್ಪ" ಎಂದನು. ಹುಡುಗನು ಅಂಗಿಯನ್ನು ಕಳಚಿಟ್ಟು, ತಳದ ಗಸಿಯನ್ನು ಬಳಿದು ತೆಗೆಯಲು ಒಳಕ್ಕೆ ಇಳಿದನು. ಅವನ ಸೊಂಟಕ್ಕೆ ಒಂದು ಹಗ್ಗವೂ ಇರಲಿಲ್ಲ.

ನಾನು ಭೌತವಿಜ್ಞಾನದ ಅಧ್ಯಾಪಕ. ಆ ಟ್ಯಾಂಕಿನೊಳಗೆ ಏನಿರಬಹುದೆಂಬುದು ನನಗೆ ತಿಳಿದಿತ್ತು. ಆದರೂ, ಇದು ನನಗೆ ಸಂಬಂಧಿಸಿದ ಕೆಲಸವಲ್ಲವೆಂಬ ಸಂಕೋಚದಿಂದ ಬಾಯಿ ತೆರೆಯಲಿಲ್ಲ. ವಿದ್ಯಾರ್ಥಿಯೊಬ್ಬನು ಮೆಲ್ಲಗೆ, "ಸಾರ್, ಒಳಗೆ ಉಸಿರಾಡಲು ಗಾಳಿ ಇರುತ್ತದೆಯೇ?" ಎಂದು ಕೇಳಿದನು. ಅವನಿಗೂ ನಾನು ಉತ್ತರ ಕೊಡಲಿಲ್ಲ. ಹತ್ತು ಹನ್ನೆರಡು ನಿಮಿಷಗಳ ಮೇಲೆ ಹುಡುಗನು ಹೊರಗೆ ಬಂದನು. ತೂರಾಡುತ್ತ ಹೋಗಿ ಮರದ ನೆರಳಿನಲ್ಲಿ ಕುಳಿತು ವಾಂತಿ ಮಾಡಿಕೊಂಡನು. ಯಾರೋ ಸೋಡ ತಂದುಕೊಟ್ಟರು. ನಾವು ನೋಡುತ್ತಿದ್ದುದನ್ನು ಗಮನಿಸಿದ ಮೇಸ್ತ್ರಿಯು ನಕ್ಕು, "ಏನೂ ಆಗಲಿಲ್ಲ ಸಾರ್, ಇದೆಲ್ಲ ಇವರಿಗೆ ಅಭ್ಯಾಸ" ಎಂದನು.

"ಏನೂ ಆಗಲಿಲ್ಲ" ಎಂಬ ಆ ಮಾತೇ ಈ ಲೇಖನಕ್ಕೆ ಕಾರಣ. ಏನೂ ಆಗದ ಒಂದೊಂದು ಸಲವೂ ಮುಂದಿನ ಸಲಕ್ಕೆ ಧೈರ್ಯವನ್ನು ಕೊಡುತ್ತದೆ. ಒಂದು ಸಲ ಆದುದು ಇನ್ನೊಬ್ಬರಿಗೆ ಪಾಠ ಹೇಳುವುದಕ್ಕೆ ಆ ಮನುಷ್ಯನನ್ನು ಉಳಿಸುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಧನದ ಟ್ಯಾಂಕಿಗಾಗಲಿ ಮಲಿನಗೊಂಡ ನೆಲದ ಗುಂಡಿಗಾಗಲಿ ಮನುಷ್ಯನನ್ನು ಇಳಿಸುವುದಕ್ಕೆ ಮುಂಚೆ ಅಲ್ಲಿಯ ಗಾಳಿಯನ್ನು ಉಪಕರಣದಿಂದ ಅಳೆಯಬೇಕು. ಅಳತೆಯನ್ನು ಕಾಗದದ ಮೇಲೆ ಬರೆಯಬೇಕು. ಬರೆದವನು ಅದಕ್ಕೆ ಹೊಣೆಯಾಗಬೇಕು. ಅಳತೆಯಿಲ್ಲದೆ ಇಳಿಸುವುದನ್ನು ಅನುಭವವೆಂದು ಕರೆಯುವುದು ತಪ್ಪು. ಅದು ಇನ್ನೊಬ್ಬರ ಪ್ರಾಣವನ್ನು ಪಣಕ್ಕಿಟ್ಟು ಆಡುವ ಜೂಜು.

ಇದಕ್ಕೆ ಆಧಾರವಾದ ವಿಜ್ಞಾನವು ಕಠಿನವಾದುದಲ್ಲ. ಪ್ರೌಢಶಾಲೆಯ ಪಾಠಗಳಷ್ಟರಿಂದಲೇ ಅದನ್ನು ತಿಳಿಯಬಹುದು. ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಆ ಆವಿಯು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಬೆಂಕಿ ಹಿಡಿಯುತ್ತದೆ. ಮಿಶ್ರಣದ ಗಾತ್ರದಲ್ಲಿ ಆವಿಯು ಸುಮಾರು ಶೇಕಡಾ 1.4ಕ್ಕಿಂತ ಕಡಿಮೆಯಿದ್ದರೆ ಇಂಧನ ಸಾಲದು. ಸುಮಾರು ಶೇಕಡಾ 7.6ಕ್ಕಿಂತ ಹೆಚ್ಚಿದ್ದರೆ ಆಮ್ಲಜನಕ ಸಾಲದು. ಈ ಎರಡು ಮಿತಿಗಳ ನಡುವಣ ಮಿಶ್ರಣವು ಒಂದು ಕಿಡಿಗೆ ಸ್ಫೋಟಿಸುತ್ತದೆ. ತುಂಬಿದ ಟ್ಯಾಂಕಿನಲ್ಲಿ ದ್ರವದ ಮೇಲಿರುವ ಕಿರಿದಾದ ಅವಕಾಶದಲ್ಲಿ ಆವಿಯ ಪ್ರಮಾಣವು ನಮ್ಮ ನಾಡಿನ ಬಿಸಿಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಭಾಗದವರೆಗೂ ಏರುವುದುಂಟು. ಅಲ್ಲಿ ಮೇಲಿನ ಮಿತಿಯು ದಾಟಿಹೋಗಿರುವುದರಿಂದ ಉರಿಯು ಒಳಹೊಗಲಾರದು. ಆದುದರಿಂದಲೇ, ಕೇಳಲು ವಿಚಿತ್ರವೆನಿಸಿದರೂ, ತುಂಬಿದ ಟ್ಯಾಂಕಿಗಿಂತ ಬರಿದು ಮಾಡಿದ ಟ್ಯಾಂಕು ಹೆಚ್ಚು ಭಯಂಕರವಾದುದು.

ಎಷ್ಟು ಪೆಟ್ರೋಲು ಉಳಿದರೆ ಅಪಾಯ ಎಂಬುದನ್ನು ನೀವೇ ಲೆಕ್ಕ ಮಾಡಬಹುದು. ಟ್ಯಾಂಕಿನ ಗಾತ್ರ 10,000 ಲೀಟರ್ ಎಂದಿಟ್ಟುಕೊಳ್ಳೋಣ. ಅದರ ಶೇಕಡಾ 1.4 ಎಂದರೆ 140 ಲೀಟರ್ ಆವಿ. ಒಂದು ಲೀಟರ್ ಪೆಟ್ರೋಲು ಪೂರ್ತಿಯಾಗಿ ಆವಿಯಾದರೆ ಹೆಚ್ಚುಕಡಮೆ 180 ಲೀಟರ್ ಆವಿ ದೊರೆಯುವುದು. ಎಂದರೆ, ಒಂದು ಲೀಟರಿಗೂ ಕಡಮೆ ಪೆಟ್ರೋಲು, ತಳದ ಗಸಿಯಲ್ಲಿಯೋ ತುಕ್ಕಿನ ಪದರಗಳ ಸಂದಿಯಲ್ಲಿಯೋ ಉಳಿದದ್ದು, ಆ ಇಡೀ ಟ್ಯಾಂಕನ್ನು ಸ್ಫೋಟಕ ಮಿಶ್ರಣದಿಂದ ತುಂಬಲು ಸಾಕು. ಪಂಪಿನಿಂದ ಹೀರಿ ತೆಗೆದ ಮೇಲೂ ಅಷ್ಟು ಉಳಿಯದಿರುವುದೇ ಅಪರೂಪ. "ಖಾಲಿ" ಎಂಬುದು ವ್ಯಾಪಾರದ ಮಾತು. ಆವಿಯ ದೃಷ್ಟಿಯಿಂದ ಆ ಟ್ಯಾಂಕು ಖಾಲಿಯಾಗಿರುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಾಯಿ ತೆರೆದು ಗಾಳಿ ಬಿಟ್ಟರೆ ಟ್ಯಾಂಕು ಕ್ರಮೇಣ ನಿರಪಾಯವಾಗುತ್ತ ಹೋಗುವುದೆಂದು ನಾವು ಭಾವಿಸುತ್ತೇವೆ. ಆದರೆ ಮೂವತ್ತರಲ್ಲಿದ್ದ ಆವಿಯ ಪ್ರಮಾಣವು ಒಂದಕ್ಕಿಂತ ಕೆಳಗೆ ಇಳಿಯಬೇಕಾದರೆ, ನಡುವೆ 7.6ರಿಂದ 1.4ರವರೆಗಿನ ಹಾದಿಯನ್ನು ತುಳಿದೇ ಹೋಗಬೇಕಷ್ಟೆ! ಶುದ್ಧಿಯ ಕಾರ್ಯವು ಅಪಾಯದ ಮಧ್ಯದಿಂದಲೇ ಹಾದುಹೋಗುತ್ತದೆ. ಟ್ಯಾಂಕು ಯಾವ ಗಳಿಗೆಯಲ್ಲಿ ಆ ಹಾದಿಯಲ್ಲಿದೆ ಎಂಬುದನ್ನು ಕಣ್ಣಾಗಲಿ ಮೂಗಾಗಲಿ ಹೇಳಲಾರದು. ಪೆಟ್ರೋಲಿನ ವಾಸನೆಯನ್ನು ನಮ್ಮ ಮೂಗು ಹತ್ತು ಲಕ್ಷದಲ್ಲಿ ಒಂದೆರಡು ಭಾಗವಿದ್ದಾಗಲೇ ಹಿಡಿಯಬಲ್ಲದು; ಸ್ಫೋಟದ ಕೆಳಮಿತಿಯು ಹತ್ತು ಲಕ್ಷದಲ್ಲಿ 14,000 ಭಾಗ. ವಾಸನೆ ಇದೆಯೋ ಇಲ್ಲವೋ ಎಂಬುದನ್ನು ಮೂಗು ಹೇಳೀತು, ಎಷ್ಟಿದೆಯೆಂಬುದನ್ನು ಹೇಳದು. ಅದೂ ಅಲ್ಲದೆ, ಸ್ವಲ್ಪ ಹೊತ್ತಿನಲ್ಲಿಯೇ ಅದು ವಾಸನೆಗೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ತೂಕವುಳ್ಳದ್ದಾದುದರಿಂದ ತಳದಲ್ಲಿ ನಿಲ್ಲುವುದು. ಮೇಸ್ತ್ರಿ ಮೂಸಿದ್ದು ಬಾಯಿಯ ಗಾಳಿಯನ್ನು. ಹುಡುಗ ಉಸಿರಾಡಿದ್ದು ತಳದ ಗಾಳಿಯನ್ನು.

ಇನ್ನು ಕಿಡಿಯ ವಿಷಯ. ಬೀಡಿ ಸೇದಬಾರದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಪೆಟ್ರೋಲಿನ ಆವಿಯನ್ನು ಹೊತ್ತಿಸಲು ಒಂದು ಮಿಲಿಜೂಲಿನ ಕಾಲು ಭಾಗದಷ್ಟು ಶಕ್ತಿಯೂ ಸಾಕು. ಮನುಷ್ಯನ ದೇಹವನ್ನು 150 ಪಿಕೊಫ್ಯಾರಡ್ ಸಾಮರ್ಥ್ಯದ ಸಂಗ್ರಾಹಕವೆಂದು ಭಾವಿಸಿ, ನೈಲಾನ್ ಬಟ್ಟೆಯ ತಿಕ್ಕಾಟದಿಂದ ಅದಕ್ಕೆ 3,000 ವೋಲ್ಟುಗಳ ವಿಭವ ಬಂದಿದೆಯೆನ್ನೋಣ. ಸಾಮರ್ಥ್ಯ ಮತ್ತು ವಿಭವದ ವರ್ಗ, ಇವೆರಡರ ಗುಣಲಬ್ಧದ ಅರ್ಧವನ್ನು ತೆಗೆದರೆ ಶಕ್ತಿಯು ಸುಮಾರು 0.7 ಮಿಲಿಜೂಲು. ಬೆರಳ ತುದಿಗೆ ಚುರುಕ್ಕೆಂದಿತೋ ಇಲ್ಲವೋ ಎಂದು ಸಂಶಯ ಬರುವಷ್ಟು ಸಣ್ಣ ಕಿಡಿಯಿದು. ಆದರೂ ಬೇಕಾದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಈ ಸ್ಥಿರವಿದ್ಯುತ್ತಿನ ಪಾಠವನ್ನು ಜಗತ್ತು ಕಲಿತದ್ದು ಸಮುದ್ರದ ಮೇಲೆ. 1969ರ ಡಿಸೆಂಬರ್ ತಿಂಗಳೊಂದರಲ್ಲಿಯೇ ಮಾರ್ಪೆಸ್ಸಾ, ಮ್ಯಾಕ್ಟ್ರಾ ಮತ್ತು ಕಾಂಗ್ ಹಾಕನ್ 7 ಎಂಬ ಮೂರು ಬೃಹತ್ ತೈಲನೌಕೆಗಳು ಸ್ಫೋಟಕ್ಕೆ ಗುರಿಯಾದುವು. ಮಾರ್ಪೆಸ್ಸಾ ಮುಳುಗಿಯೇ ಹೋಯಿತು. ಮೂರೂ ತೈಲವನ್ನು ಇಳಿಸಿ ಬರಿದಾಗಿ ಹಿಂದಿರುಗುತ್ತಿದ್ದ ನೌಕೆಗಳು. ಮೂರರಲ್ಲಿಯೂ ನಡೆಯುತ್ತಿದ್ದುದು ಟ್ಯಾಂಕುಗಳನ್ನು ತೊಳೆಯುವ ಕಾರ್ಯ. ರಭಸದಿಂದ ಚಿಮ್ಮುವ ನೀರು ಒಡೆದು ತುಂತುರಾದಾಗ ಆ ಮಂಜು ವಿದ್ಯುದಾವಿಷ್ಟವಾಗುತ್ತದೆಂಬುದನ್ನು ಆಮೇಲಿನ ಸಂಶೋಧನೆಗಳು ತೋರಿಸಿದುವು. ಶುದ್ಧಗೊಳಿಸುವ ನೀರೇ ಕಿಡಿಯ ತಾಯಿಯಾಗಿತ್ತು. ಇದರ ಫಲವಾಗಿ, ತೈಲನೌಕೆಯ ಟ್ಯಾಂಕುಗಳಲ್ಲಿ ಜಡ ಅನಿಲವನ್ನು ತುಂಬಿ ಆಮ್ಲಜನಕವನ್ನು ಶೇಕಡಾ 8ಕ್ಕಿಂತ ಕೆಳಗಿಡುವ ಕ್ರಮವು ಅಂತರರಾಷ್ಟ್ರೀಯ ನಿಯಮವಾಯಿತು.

ಬೆಂಕಿಯ ಭಯ ಒಂದು ಕಡೆಯಾದರೆ ಉಸಿರಿನ ಭಯ ಮತ್ತೊಂದು ಕಡೆ. ಶುದ್ಧ ಗಾಳಿಯಲ್ಲಿ ಆಮ್ಲಜನಕವು ಶೇಕಡಾ 20.9ರಷ್ಟಿದೆ. ಮುಚ್ಚಿದ ಉಕ್ಕಿನ ಟ್ಯಾಂಕಿನ ಒದ್ದೆ ಗೋಡೆಗಳು ತುಕ್ಕು ಹಿಡಿಯುತ್ತ ಆ ಆಮ್ಲಜನಕವನ್ನು ತಿನ್ನುತ್ತಿರುತ್ತವೆ. ಆದುದರಿಂದ ಇಂಧನದ ಹನಿಯೂ ಇಲ್ಲದ ಟ್ಯಾಂಕು ಕೂಡ ಉಸಿರುಗಟ್ಟಿಸಬಲ್ಲದು. ಆಮ್ಲಜನಕವು ಶೇಕಡಾ 10ರ ಆಸುಪಾಸಿಗೆ ಇಳಿದರೆ ಪ್ರಜ್ಞೆ ತಪ್ಪುವುದು. 6ಕ್ಕೆ ಇಳಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುವುದು. ಬೀಳುವವನಿಗೆ ಮುನ್ಸೂಚನೆಯೂ ಸಿಕ್ಕುವುದಿಲ್ಲ. ಉಸಿರು ಕಟ್ಟಿದಂತಾಗುವ ಅನುಭವವು ಮುಖ್ಯವಾಗಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದಾಗ ಆಗತಕ್ಕದ್ದೇ ಹೊರತು ಆಮ್ಲಜನಕ ಕಡಮೆಯಾದಾಗ ಆಗತಕ್ಕದ್ದಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತೆಯ ನಿಯಮಗಳು ಆಮ್ಲಜನಕದ ಕೆಳಮಿತಿಯನ್ನು ಶೇಕಡಾ 19.5 ಎಂದು ಗೊತ್ತುಮಾಡಿವೆ. 20.9ಕ್ಕೂ 19.5ಕ್ಕೂ ಎಷ್ಟು ಅಂತರ ಎಂದು ಉದಾಸೀನ ಮಾಡುವವರು ಈ ಲೆಕ್ಕವನ್ನು ನೋಡಬೇಕು. ಅಳತೆಯು 20.4 ಎಂದು ತೋರಿಸಿತೆನ್ನಿ. ಇಳಿತವು ಕೇವಲ 0.5. ಆದರೆ ಹೊಸದಾಗಿ ಬಂದ ಅನಿಲವು ಆಮ್ಲಜನಕವೊಂದನ್ನೇ ಹೊರದೂಡುವುದಿಲ್ಲ. ಒಟ್ಟು ಗಾಳಿಯನ್ನು ದೂಡುತ್ತದೆ. ಗಾಳಿಯಲ್ಲಿ ಆಮ್ಲಜನಕವು ಐದರಲ್ಲಿ ಒಂದು ಪಾಲಾದುದರಿಂದ, 0.5ರ ಇಳಿತಕ್ಕೆ ಸುಮಾರು 2.4 ಭಾಗ ಅನ್ಯ ಅನಿಲವು ಸೇರಿರಬೇಕು. ಅದು ಪೆಟ್ರೋಲಿನ ಆವಿಯಾಗಿದ್ದರೆ, ಉಸಿರಿಗೆ ಸಾಕೆನಿಸುವ ಆ ಗಾಳಿಯು ಸ್ಫೋಟಕ ಮಿಶ್ರಣವಾಗಿರುತ್ತದೆ! ಆಮ್ಲಜನಕದ ಅಂಕಿಯೊಂದನ್ನೇ ನಂಬಿ ಇಳಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಹಾಗೆಯೇ ಬೆಂಕಿಯ ಅಂಕಿಯೊಂದನ್ನೇ ನಂಬುವುದೂ ಸಲ್ಲದು. ಸ್ಫೋಟದ ಕೆಳಮಿತಿಯ ಹತ್ತರಲ್ಲೊಂದು ಭಾಗದ ಮೇಲೆ ಆವಿಯಿದ್ದರೆ ಅಲ್ಲಿಗೆ ಇಳಿಯಕೂಡದೆಂಬುದು ಅದೇ ನಿಯಮಗಳ ವಿಧಿ. ಪೆಟ್ರೋಲಿಗೆ ಇದು ಹತ್ತು ಲಕ್ಷದಲ್ಲಿ 1,400 ಭಾಗವಾಗುವುದು. ಆದರೆ ದಿನದ ಎಂಟು ಗಂಟೆಗಳ ದುಡಿಮೆಯಲ್ಲಿ ಉಸಿರಾಡಬಹುದಾದ ಪೆಟ್ರೋಲ್ ಆವಿಯ ಮಿತಿಯನ್ನು ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಮಂಡಲಿಯು 300 ಭಾಗ ಎಂದು ಸೂಚಿಸಿದೆ. ಬೆಂಕಿಗೆ ನಿರಪಾಯವಾದ ಗಾಳಿಯು ಉಸಿರಿಗೆ ನಿರಪಾಯವಾದುದಕ್ಕಿಂತ ನಾಲ್ಕೈದು ಪಟ್ಟು ಕೆಟ್ಟದ್ದಾಗಿರಬಹುದು. ಪೆಟ್ರೋಲಿನಲ್ಲಿ ಬೆರೆತಿರುವ ಬೆಂಜೀನ್ ಇನ್ನೂ ಕ್ರೂರವಾದುದು. ಅದು ರಕ್ತದ ಅರ್ಬುದವನ್ನು ತರುತ್ತದೆಂಬುದು ಸ್ಥಿರಪಟ್ಟ ವಿಷಯ. ಅಮೆರಿಕದಲ್ಲಿ ಅದರ ಮಿತಿ ಹತ್ತು ಲಕ್ಷದಲ್ಲಿ ಒಂದೇ ಒಂದು ಭಾಗ. ಇದು ಇಂದು ಉಸಿರಾಡಿದವನಿಗೆ ಇಂದೇ ಏನನ್ನೂ ಮಾಡುವುದಿಲ್ಲ. ಹಲವು ವರ್ಷಗಳ ಮೇಲೆ ಮಾಡುತ್ತದೆ. "ಏನೂ ಆಗಲಿಲ್ಲ" ಎಂದ ಮೇಸ್ತ್ರಿಯ ಲೆಕ್ಕದಲ್ಲಿ ಆ ವರ್ಷಗಳು ಸೇರಿರಲಿಲ್ಲ.

ಆದುದರಿಂದ ಅಳೆಯಬೇಕಾದ ಅಂಕಿಗಳು ಮೂರು: ಆಮ್ಲಜನಕವೆಷ್ಟು, ಉರಿಯುವ ಆವಿಯೆಷ್ಟು, ವಿಷಾನಿಲವೆಷ್ಟು. ಅಳೆಯುವ ಅನುಕ್ರಮವೂ ಇದೇ ಆಗಿರಬೇಕು. ಅದಕ್ಕೆ ಕಾರಣವು ಉಪಕರಣದ ಒಳಗಿದೆ, ಮತ್ತು ಆ ಒಳಭಾಗವು ನಿಮಗೆ ಅಪರಿಚಿತವಲ್ಲ. ಉರಿಯುವ ಆವಿಯನ್ನು ಅಳೆಯುವ ಸಾಮಾನ್ಯ ಮಾಪಕದಲ್ಲಿ ಪ್ಲಾಟಿನಂ ಸುರುಳಿಯುಳ್ಳ ಎರಡು ಸಣ್ಣ ಮಣಿಗಳಿರುತ್ತವೆ. ಒಂದರ ಮೇಲೆ ಕ್ರಿಯಾವರ್ಧಕದ ಲೇಪವುಂಟು. ಇನ್ನೊಂದರ ಮೇಲೆ ಇಲ್ಲ. ಎರಡನ್ನೂ ಬಿಸಿಮಾಡಿರುತ್ತಾರೆ. ಆವಿಯು ಬಂದಾಗ ಮೊದಲನೆಯ ಮಣಿಯ ಮೇಲೆ ಮಾತ್ರ ಉರಿದು ಅದರ ಉಷ್ಣತೆಯನ್ನು ಏರಿಸುತ್ತದೆ. ಉಷ್ಣತೆ ಏರಿದಾಗ ಪ್ಲಾಟಿನಂನ ರೋಧವೂ ಏರುತ್ತದೆ. ಸಮತೋಲದಲ್ಲಿದ್ದ ವೀಟ್‌ಸ್ಟನ್ ಸೇತುವೆಯು ವಾಲುತ್ತದೆ. ನಮ್ಮ ಪ್ರಯೋಗಶಾಲೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂಕಗಳಿಗಾಗಿ ಕಟ್ಟುವ ಸೇತುವೆಯೇ ಇದು. ಆ ಹುಡುಗನು ಟ್ಯಾಂಕಿಗೆ ಇಳಿದ ದಿನ ಬೆಳಗ್ಗೆ ನಾನು ಕಪ್ಪುಹಲಗೆಯ ಮೇಲೆ ಬರೆದಿದ್ದೂ ಅದನ್ನೇ.

ಈ ಉಪಕರಣವು ಸುಳ್ಳು ಹೇಳುವ ಸಂದರ್ಭವನ್ನೂ ತಿಳಿದಿರಬೇಕು. ಆವಿಯು ಮಣಿಯ ಮೇಲೆ ಉರಿಯಲು ಆಮ್ಲಜನಕ ಬೇಕು. ಆಮ್ಲಜನಕವು ತೀರ ಕಡಮೆಯಾಗಿದ್ದರೆ, ಅಥವಾ ಆವಿಯು ಮೇಲಿನ ಮಿತಿಯನ್ನು ದಾಟಿದ್ದರೆ, ಉರಿಯು ಕುಂದಿ ಮುಳ್ಳು ಸೊನ್ನೆಯ ಕಡೆಗೆ ಹಿಂದಿರುಗಬಹುದು. ಅರಿಯದವನು ಅದನ್ನು "ಆವಿಯಿಲ್ಲ" ಎಂದು ಓದಿಕೊಳ್ಳುವನು. ಆಮ್ಲಜನಕವನ್ನು ಮೊದಲು ಅಳೆಯಬೇಕೆನ್ನುವುದು ಇದರಿಂದಲೇ. ಅಳತೆಯನ್ನು ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಎತ್ತರಗಳಲ್ಲಿ ಹೊರಗಿನಿಂದಲೇ ತೆಗೆಯಬೇಕು. ಕೆಲಸ ನಡೆಯುತ್ತಿರುವಾಗಲೂ ಮುಂದುವರಿಸಬೇಕು. ಗಸಿಯನ್ನು ಕೆದಕಿದಾಗಲೂ ಬಿಸಿಲು ಏರಿದಾಗಲೂ ತುಕ್ಕಿನ ಪದರಗಳು ಮತ್ತೆ ಆವಿಯನ್ನು ಬಿಡುತ್ತವೆ. ಬೆಳಗಿನ ಅಂಕಿಯು ಮಧ್ಯಾಹ್ನಕ್ಕೆ ಹಳಸಿರುತ್ತದೆ.

ಎಲ್ಲಕ್ಕಿಂತ ಉತ್ತಮವಾದ ಮಾರ್ಗವು ಮನುಷ್ಯನನ್ನು ಇಳಿಸದೆಯೇ ಕೆಲಸವನ್ನು ಮುಗಿಸುವುದು. ಬಹುಪಾಲು ಟ್ಯಾಂಕುಗಳನ್ನು ತೆಗೆಯಲು ಅಷ್ಟೇ ಸಾಕಾಗುತ್ತದೆ. ಉಳಿದ ದ್ರವವನ್ನು ಹೊರಗಿನಿಂದ ಹೀರಿ ತೆಗೆದ ಮೇಲೆ ಒಣ ಮಂಜುಗಡ್ಡೆಯ ತುಣುಕುಗಳನ್ನು ಒಳಗೆ ಹಾಕುವ ಪದ್ಧತಿಯೊಂದಿದೆ. ಒಂದು ಕಿಲೋಗ್ರಾಂ ಒಣ ಮಂಜುಗಡ್ಡೆಯು ಸುಮಾರು 550 ಲೀಟರ್ ಇಂಗಾಲದ ಡೈ ಆಕ್ಸೈಡನ್ನು ಕೊಡುವುದು. ಅದು ಆಮ್ಲಜನಕವನ್ನು ಹೊರದೂಡಿ ಬೆಂಕಿಗೆ ಆಸ್ಪದವಿಲ್ಲದಂತೆ ಮಾಡುವುದು. ಹೀಗೆ ಜಡಗೊಳಿಸಿದ ಟ್ಯಾಂಕು ಬೆಂಕಿಗೆ ನಿರಪಾಯಕರವಾದರೂ ಮನುಷ್ಯನ ಉಸಿರಿಗೆ ಮಾರಕವೆಂಬುದನ್ನು ಮರೆಯಲಾಗದು. ಟ್ಯಾಂಕಿನ ಸುತ್ತಲಿನ ಗುಂಡಿಯೂ ಸಾಧಾರಣವಾದುದಲ್ಲ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತಲೂ ಹೆಚ್ಚು ತೂಗುತ್ತದೆ. ಆಸರೆಯಿಲ್ಲದ ಮಣ್ಣಿನ ಗೋಡೆ ಕುಸಿದರೆ ಎದೆಯವರೆಗೆ ಹೂತವನೂ ಉಸಿರಾಡಲಾರನು. ಅಂತರ್ಜಲವು ಮೇಲಿರುವ ಕಡೆ, ಬರಿದಾದ ಟ್ಯಾಂಕು ಆರ್ಕಿಮಿಡೀಸನ ನಿಯಮಕ್ಕೆ ಅನುಸಾರವಾಗಿ ದೋಣಿಯಂತೆ ಮೇಲಕ್ಕೇಳುವುದೂ ಉಂಟು.

ಟ್ಯಾಂಕು ಮೇಲೆ ಬಂದಲ್ಲಿಗೆ ಕಥೆ ಮುಗಿಯುವುದಿಲ್ಲ. ಅದು ಲಾರಿಯೇರಿ ಗುಜರಿಗೆ ಹೋಗುತ್ತದೆ. ಅಲ್ಲಿ ಇನ್ನೊಬ್ಬನು ಗ್ಯಾಸ್ ಕಟರಿನಿಂದ ಅದನ್ನು ಸೀಳುತ್ತಾನೆ. ಡೀಸೆಲಿನ ಟ್ಯಾಂಕಾದರೆ ಭಯವಿಲ್ಲವೆಂದು ಅವನು ಕೇಳಿರುತ್ತಾನೆ. ಸಾಧಾರಣ ಉಷ್ಣತೆಯಲ್ಲಿ ಡೀಸೆಲು ಹೆಚ್ಚು ಆವಿಯನ್ನು ಕೊಡದೆಂಬುದು ನಿಜ. ಆದರೆ ಕಟರಿನ ಜ್ವಾಲೆಯು ತಗಲಿದ ಉಕ್ಕಿನ ಹಿಂಬದಿಯಲ್ಲಿ ಉಷ್ಣತೆಯು ಸಾಧಾರಣವಾಗಿರುತ್ತದೆಯೇ? ಹೀಗೆ ಅಪಾಯವು ತಿಳಿದವನ ಕೈಯಿಂದ ತಿಳಿಯದವನ ಕೈಗೆ, ಉಳ್ಳವನ ಅಂಗಳದಿಂದ ಇಲ್ಲದವನ ಅಂಗಳಕ್ಕೆ ಸಾಗುತ್ತ ಹೋಗುತ್ತದೆ.

ಒಬ್ಬನು ಒಳಗೆ ಬಿದ್ದಾಗ ನಡೆಯುವುದೇನು? ಹೊರಗಿನವನು, ಅವನು ಅಣ್ಣನಾಗಿರಬಹುದು, ಗೆಳೆಯನಾಗಿರಬಹುದು, ಒಂದು ಕ್ಷಣವೂ ಯೋಚಿಸದೆ ಒಳಕ್ಕೆ ಧುಮುಕುತ್ತಾನೆ. ಅವನನ್ನು ಕಾಯುತ್ತಿರುವುದೂ ಅದೇ ಗಾಳಿ. ಇಂತಹ ಇಕ್ಕಟ್ಟಾದ ಎಡೆಗಳಲ್ಲಿ ಸತ್ತವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಇನ್ನೊಬ್ಬರನ್ನು ರಕ್ಷಿಸಲು ಹೋದವರೆಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1986ರಲ್ಲಿ ಎಚ್ಚರಿಸಿತು. ಮನುಷ್ಯನ ಅತ್ಯಂತ ಶ್ರೇಷ್ಠವಾದ ಗುಣವೇ ಇಲ್ಲಿ ಅವನನ್ನು ಕೊಲ್ಲುತ್ತದೆ. ಇಳಿಯುವವನ ಮೈಗೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗಕ್ಕೆ ಮುಕ್ಕಾಲಿಯ ಮೇಲಿನ ರಾಟೆ, ಇಷ್ಟಿದ್ದರೆ ಹೊರಗಿನವನು ಇಳಿಯದೆಯೇ ಅವನನ್ನು ಎಳೆದುಕೊಳ್ಳಬಹುದು. ಪ್ರಯೋಗಿಸಿದ ಬಲವನ್ನು ಹಲವು ಪಟ್ಟು ಹೆಚ್ಚಿಸುವ ಸರಳಯಂತ್ರಗಳ ಪಾಠವನ್ನು ನಾವು ಕಲಿಯುವುದು ಮತ್ತೆ ಯಾವುದಕ್ಕೆ?

ಮೇಲೆ ಅಮೆರಿಕದ ಅಂಕಿಗಳನ್ನು ಪದೇ ಪದೇ ಹೇಳಿದೆನಷ್ಟೆ. ಅಲ್ಲಿ ನೆಲದೊಳಗಿನ ಹಳೆಯ ಟ್ಯಾಂಕುಗಳು ಸೋರಿ ಬಾವಿಯ ನೀರನ್ನು ಕೆಡಿಸಿದುದರಿಂದ, 1998ರ ಡಿಸೆಂಬರ್ 22ರೊಳಗೆ ಅವುಗಳನ್ನು ಸುಧಾರಿಸಬೇಕು, ಬದಲಾಯಿಸಬೇಕು, ಇಲ್ಲವೇ ಮುಚ್ಚಬೇಕೆಂದು ಸರ್ಕಾರವು ವಿಧಿಸಿತು. ಲಕ್ಷಾಂತರ ಟ್ಯಾಂಕುಗಳು ನೆಲದಿಂದ ಹೊರಬಂದುವು. ಆದರೆ ಆ ದೇಶದ ಇತಿಹಾಸದಲ್ಲಿಯೂ ಗಮನಿಸಬೇಕಾದ ಒಂದು ಸಂಗತಿಯುಂಟು. ವಿಷಪೂರಿತ ನೆಲಗಳನ್ನು ಶುದ್ಧಗೊಳಿಸುವ ಕಾಯಿದೆಯು 1980ರಲ್ಲಿ ಬಂದಿತು. ಶುದ್ಧಗೊಳಿಸುವ ಕಾರ್ಮಿಕನ ರಕ್ಷಣೆಗೆ ನಿಯಮ ಮಾಡಬೇಕೆಂಬ ಆಜ್ಞೆ ಶಾಸನದಲ್ಲಿ ಬಂದದ್ದು 1986ರಲ್ಲಿ; ಪೂರ್ಣ ನಿಯಮವು ಜಾರಿಯಾದದ್ದು 1990ರಲ್ಲಿ. ಅದರಂತೆ, ಅಂತಹ ನೆಲಗಳಲ್ಲಿ ಸಾಮಾನ್ಯವಾಗಿ ದುಡಿಯುವವನಿಗೆ ಕೆಲಸಕ್ಕೆ ಮುಂಚೆ 40 ಗಂಟೆಗಳ ಶಿಕ್ಷಣವನ್ನೂ ಮೂರು ದಿನಗಳ ಮೇಲ್ವಿಚಾರಣೆಯ ಅಭ್ಯಾಸವನ್ನೂ ಕೊಡಬೇಕಾಯಿತು. ನೆಲದ ನೆನಪು ಮೊದಲು, ನೆಲವನ್ನು ತೊಳೆಯುವವನ ನೆನಪು ಆಮೇಲೆ.

ನಮ್ಮ ದೇಶದಲ್ಲಿ ಮಾತಿನ ಕೊರತೆಯಿರಲಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯ 36ನೆಯ ಪ್ರಕರಣದಲ್ಲಿಯೇ, ಅಪಾಯಕರ ಆವಿಯಿರಬಹುದಾದ ಟ್ಯಾಂಕಿಗೆ ಯಾರೂ ಇಳಿಯಕೂಡದೆಂದೂ, ಅರ್ಹನಾದವನು ಸ್ವತಃ ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಟ್ಟಿರಬೇಕು, ಇಲ್ಲವೇ ಇಳಿಯುವವನು ಉಸಿರಾಟದ ಉಪಕರಣವನ್ನು ಧರಿಸಿ ಸೊಂಟದ ಹಗ್ಗದ ತುದಿಯನ್ನು ಹೊರಗಿನವನ ಕೈಗೆ ಕೊಟ್ಟಿರಬೇಕೆಂದೂ ಬರೆಯಲಾಗಿತ್ತು. ಕಾರ್ಖಾನೆಯ ಗೋಡೆಯೊಳಗಿನ ಆ ಮಾತು ದಾರಿಬದಿಯ ಗುಂಡಿಗೆ ಕೇಳಿಸಲಿಲ್ಲ. ಮಲದ ಗುಂಡಿಗಳಿಗೆ ಇಳಿದು ಸಾಯುವವರ ಸುದ್ದಿಯನ್ನು ನಾವು ಈಗಲೂ ಓದುತ್ತಿದ್ದೇವೆ. ಅಲ್ಲಿ ಪೆಟ್ರೋಲಿನ ಬದಲು ಗಂಧಕ ಮತ್ತು ಜಲಜನಕದ ಸಂಯುಕ್ತವಾದ, ಕೊಳೆತ ಮೊಟ್ಟೆಯಂತೆ ನಾರುವ ಅನಿಲವಿರುತ್ತದೆ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ಉಳಿದ ವಿಜ್ಞಾನವೆಲ್ಲ ಒಂದೇ. 2025ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಇನ್ನು ಮುಂದೆ ಇಂತಹ ನೆಲಗಳನ್ನು ಗುರುತಿಸಿ ಅಗೆಯುವ, ಬಳಿಯುವ, ತೊಳೆಯುವ ಕಾರ್ಯವು ಹೆಚ್ಚುವುದು ನಿಶ್ಚಯ. ನೆಲದ ಪಟ್ಟಿಯೊಡನೆಯೇ ಕಾರ್ಮಿಕನ ರಕ್ಷಣೆಯ ಪಟ್ಟಿಯೂ ಸಿದ್ಧವಾಗಲಿ. ಅಮೆರಿಕದಲ್ಲಾದಂತೆ ಹತ್ತು ವರ್ಷ ಕಳೆಯುವುದು ಬೇಡ.

ಇದಕ್ಕೆ ಎರಡು ಆಕ್ಷೇಪಗಳು ಬರುವುದನ್ನು ಬಲ್ಲೆನು. ಮೊದಲನೆಯದು ಖರ್ಚಿನದು. ಟ್ಯಾಂಕನ್ನು ಎತ್ತಲು ಕ್ರೇನು ತರುವವನು, ಸಾಗಿಸಲು ಲಾರಿ ಹಿಡಿಯುವವನು, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಮಾಪಕಕ್ಕೆ ಮಾತ್ರ ಹಣವಿಲ್ಲವೆಂದರೆ ಅದನ್ನು ಒಪ್ಪಲಾಗದು. ಎರಡನೆಯದು, ರಕ್ಷಣೆಯ ಉಡುಪನ್ನು ಕೊಟ್ಟರೂ ಕೂಲಿಗಾರರೇ ತೊಡುವುದಿಲ್ಲ ಎಂಬ ದೂರು. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ತಪ್ಪು ಅವರದಲ್ಲ. ಒಂದು ಗ್ರಾಂ ಬೆವರು ಆರಿದಾಗ ದೇಹದಿಂದ ಸುಮಾರು 2,400 ಜೂಲು ಶಾಖವನ್ನು ಒಯ್ಯುವುದು. ಆವಿಯನ್ನು ಒಳಬಿಡದ ಉಡುಪು ಬೆವರನ್ನೂ ಹೊರಬಿಡದು. ನಮ್ಮ ಏಪ್ರಿಲಿನ ಬಿಸಿಲಿನಲ್ಲಿ ಅದನ್ನು ತೊಟ್ಟು ದುಡಿಯುವವನು ಬೇಯುತ್ತಾನೆ. ಕೆಲಸದ ಹೊತ್ತನ್ನು ಬೆಳಗಿಗೆ ಬದಲಿಸಿ, ಸರದಿಯನ್ನು ಚಿಕ್ಕದು ಮಾಡಿ, ನೆರಳನ್ನೂ ನೀರನ್ನೂ ಒದಗಿಸದೆ, ಬರಿಯ ಉಡುಪನ್ನು ಕೈಗಿತ್ತು "ತೊಡಲಿಲ್ಲ" ಎಂದು ದೂರುವುದು ನ್ಯಾಯವಲ್ಲ.

ತರುಣ ವಾಚಕರಿಗೆ ಕೊನೆಯದಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರು ಎಂಜಿನಿಯರರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ, ಕೆಲವರು ಗುತ್ತಿಗೆದಾರರಾಗುವಿರಿ; ಎಲ್ಲರೂ ಮನೆಯ ಯಜಮಾನರಾಗಿ ಒಂದಲ್ಲ ಒಂದು ದಿನ ಒಂದು ಗುಂಡಿಯ ಬಾಯಿಯ ಬಳಿ ನಿಲ್ಲುವಿರಿ. ಇಳಿಯಲು ಸಿದ್ಧನಾದವನು ನಿಮ್ಮ ಮುಖವನ್ನು ನೋಡುವನು. ಅವನಿಗೆ ಬಾಷ್ಪೀಭವನದ ಪಾಠವಾಗಿಲ್ಲ, ನಿಮಗೆ ಆಗಿದೆ. ಆಗ ಮೂರು ಅಂಕಿಗಳನ್ನು ಕೇಳಿರಿ. ಕಾಗದದ ಮೇಲೆ ಅವು ಇಲ್ಲದಿದ್ದರೆ ಕೆಲಸವನ್ನು ನಿಲ್ಲಿಸಿರಿ. ಮೇಸ್ತ್ರಿಯು ನಗಬಹುದು, ಒಂದು ದಿನದ ಕೆಲಸ ಕೆಡಬಹುದು; ಅಷ್ಟೇ ನಷ್ಟ.

ಆ ದಿನ ನನ್ನ ವಿದ್ಯಾರ್ಥಿಯು ಕೇಳಿದ ಪ್ರಶ್ನೆಗೆ ನಾನು ಅಲ್ಲಿಯೇ, ಎಲ್ಲರಿಗೂ ಕೇಳಿಸುವಂತೆ, ಉತ್ತರ ಹೇಳಬೇಕಾಗಿತ್ತು. ಹೇಳಲಿಲ್ಲ. ಆ ಉತ್ತರವನ್ನೇ ಇಲ್ಲಿ ಬರೆದಿದ್ದೇನೆ.